ಒಂದು ಎಲೆ, ಹನ್ನೊಂದು ಸಸಿ

ಅತ್ತಿಗೆ,

"ನೀರು ಹಾಕೋ ನೆನಪೇ ಇರಲ್ಲ, ನಿನ್ನ ಕೈಲಿ ಗರಿಕೇನೂ ಉಳಿಯಲ್ಲ" ಅಂದಿದ್ದಿರಲ್ಲ, ಈಗ ಕೂತು ಓದಿ. ನಾನು ಕೆಲಸ ಮಾಡುವ ಗಾಜಿನ ಮನೆಯಲ್ಲಿ ದೂರದ ದ್ವೀಪವೊಂದರ ಕಾಡಿನಿಂದ ತಂದ ಬಿಗೋನಿಯಾ ಗಿಡ ಒಂದೇ ಒಂದಿತ್ತು. ಮುದ್ದಿಗೆ ಎಲ್ಲರೂ ನೀರೆರೆದೂ ಎರೆದೂ ಬೇರನ್ನೇ ಕೊಳೆಸಿದರು, ಗಿಡ ಸತ್ತಿತು. ಗುಡಿಸುವಾಗ ಅದರ ಒಂದು ಎಲೆ ಸಿಕ್ಕಿತು. ನರಗಳನ್ನು ಬ್ಲೇಡಿನಿಂದ ಸೀಳಿ, ಒದ್ದೆ ಮರಳಿನ ಮೇಲೆ ಮಲಗಿಸಿ, ಗಾಜಿನ ಬೋಗುಣಿ ಕವುಚಿ, ಎಂದಿನಂತೆ ಮರೆತುಬಿಟ್ಟೆ. ನಿನ್ನೆ ನೋಡಿದರೆ ಸೀಳಿದಲ್ಲೆಲ್ಲ ಉಗುರಿನಷ್ಟು ಸಸಿಗಳು, ಹನ್ನೊಂದು! ಹಿರಿಯ ಮಾಲಿ ಎಲ್ಲರ ಕೈಯಿಂದ ನೀರಿನ ಡಬ್ಬ ಕಸಿದು, ನನ್ನತ್ತ ಕೈ ತೋರಿಸಿ, "ಇನ್ಮೇಲೆ ಇವರೊಬ್ಬರೇ ಮುಟ್ಟಲಿ" ಅಂದರು.

ನನ್ನ ಮಂಡಿನೋವು ಇಳಿದಿದೆ. ಕಾರ್ಡಿನಲ್ಲಿ ಜಾಗ ಮುಗಿಯಿತು. ಗರಿಕೆಯ ಮಾತನ್ನು ಅಣ್ಣನ ಎದುರಿಗೇ ವಾಪಸು ತಗೊಳ್ಳಿ.

ಹನ್ನೊಂದು ಹೆತ್ತ ನಿಮ್ಮ ನಾದಿನಿ