ಕೆಮಿಸ್ಟ್ರಿ ಪೀರಿಯಡ್ಡಿನ ಕಾಜಾಗಳು

ಮಾರ್ಚ್ ೯, ಸೋಮವಾರ

ಲೀಡರಮ್ಮನ ಸನ್ನಿಧಾನಕ್ಕೆ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ಜೊತೆಗಿದ್ದ ಫಾರಂ ಕೂಡ ತಲುಪಿದೆ. ನಮ್ಮ ಬ್ಯಾಚಿನಲ್ಲಿ ಬದುಕಿರುವ ಹದಿನೇಳು ಜನರಲ್ಲಿ ಹದಿನಾರು ಜನ ಸಹಿ ಹಾಕಿ ಕಳಿಸಿದ್ದಾರಂತೆ, ನನ್ನೊಬ್ಬಳದೇ ಬಾಕಿಯಂತೆ. ಎಲ್ಲರ ಸಹಿ ಇದ್ದರೆ ಮಾತ್ರ ಶಾಲೆಯ ಸಭಾಂಗಣಕ್ಕೆ ತೀರಿಹೋದ ನಮ್ಮ ಹೆಡ್‌ಮಿಸ್ಟ್ರೆಸ್ ಹೆಸರಿಟ್ಟು, ಅವರ ಆಳೆತ್ತರದ ಫೋಟೋ ತೂಗುಹಾಕಲು ಕಮಿಟಿ ಒಪ್ಪುತ್ತದಂತೆ. "ನೀನೊಬ್ಬಳು ಅಡ್ಡಗಾಲು ಹಾಕಬೇಡ ಕಣೇ" ಎಂದು ಬರೆದಿದ್ದೀಯ. ಹಾಕುತ್ತಿದ್ದೇನೆ. ಎರಡೂ ಕಾಲು.

ಫಾರಮ್ಮಿನ ಮೇಲೆ ನೀನು ಟೈಪು ಮಾಡಿಸಿರುವ ವಾಕ್ಯವನ್ನು ನೀನಾದರೂ ಒಮ್ಮೆ ಓದಿದ್ದೀಯಾ? "ಯುದ್ಧದ ಕರಾಳ ದಿನಗಳಲ್ಲೂ ಒಂದೇ ಒಂದು ಪಾಠ ನಿಲ್ಲದಂತೆ ಜ್ಞಾನದೀಪವನ್ನು ಕಾಪಾಡಿದ ಮಹಾತಾಯಿ." ಇದು ನಿಜವೆಂದು ನಾವೆಲ್ಲ ಸಹಿ ಹಾಕಬೇಕು! ಓದುವಾಗ ಕುಡಿಯುತ್ತಿದ್ದ ನೀರು ನೆತ್ತಿಗೇರಿತು. ನಲವತ್ತೊಂದು ವರ್ಷ ಅದೇ ಶಾಲೆಯ ಆಫೀಸಿನಲ್ಲಿ ಕೂತು ಫೈಲು ಕಟ್ಟಿದವಳಿಗೆ ಸುಳ್ಳನ್ನು ಇಷ್ಟು ಚೆನ್ನಾಗಿ ಇಸ್ತ್ರಿ ಮಾಡಲು ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಕೊನೆಯ ವರ್ಷದ ಜ್ಞಾನದೀಪ ಹೇಗಿತ್ತು ಎಂಬುದು ಮರೆತಿದ್ದರೆ ನೆನಪಿಸುತ್ತೇನೆ. ಶಾಲೆ ಶುರುವಾದ ಎರಡನೇ ವಾರಕ್ಕೇ ಕೆಮಿಸ್ಟ್ರಿ ಮೇಷ್ಟ್ರನ್ನು ಸೈನ್ಯಕ್ಕೆ ಎಳೆದುಕೊಂಡರು. ಅವರು ವಾಪಸ್ಸು ಬರಲಿಲ್ಲ, ಅವರ ಜಾಗಕ್ಕೂ ಯಾರೂ ಬರಲಿಲ್ಲ. ಬಂದದ್ದು ಲಾರಿಗಟ್ಟಲೆ ಓವರ್‌ಕೋಟು. ಲ್ಯಾಬಿನ ಗಾಜಿನ ಸಾಮಾನನ್ನೆಲ್ಲ ಬೀರುವಿಗೆ ತುಂಬಿ ಬೀಗ ಜಡಿದು, ಆ ಉದ್ದನೆಯ ಮೇಜುಗಳ ಸುತ್ತ ನಮ್ಮನ್ನು ಕೂರಿಸಿದರು. ಕೋಟಿಗೆ ಏಳು ಗುಂಡಿ, ಏಳು ಕಾಜಾ. ಗಂಟೆ ಹೊಡೆದಾಗಲೆಲ್ಲ ಹೆಡ್‌ಮಿಸ್ಟ್ರೆಸ್ ಬಾಗಿಲಲ್ಲಿ ನಿಂತು "ಈಗ ಕೆಮಿಸ್ಟ್ರಿ" ಎನ್ನುತ್ತಿದ್ದರು. ನಾವು ಕಾಜಾ ಹೊಲಿಯುತ್ತಿದ್ದೆವು. ಮುಕ್ಕಾಲು ಗಂಟೆ ಬಿಟ್ಟು ಬಂದು "ಈಗ ಭೂಗೋಳ" ಎನ್ನುತ್ತಿದ್ದರು. ಅದೇ ಕೋಟು, ಅದೇ ಸೂಜಿ. ಅದಕ್ಕೇ ಅಲ್ಲವೇ ನಾವು ಅವರಿಗೆ ಗಡಿಯಾರಮ್ಮ ಎಂದು ಹೆಸರಿಟ್ಟಿದ್ದು?

ಇನ್ನು ನೋಟ್ ಬುಕ್ಕುಗಳು. ಶನಿವಾರ ಬೆಳಿಗ್ಗೆ ಅರ್ಧ ಗಂಟೆ ಸೂಜಿ ಕೆಳಗಿಟ್ಟು ಪಾಠದ ಹೆಸರು ಬರೆಯಬೇಕಿತ್ತು, ಬರೀ ಹೆಸರು. "ಪಾಠ ಎಂಟು: ಆಮ್ಲಗಳು", ಕೆಳಗೆ ಮೂರು ಪುಟ ಖಾಲಿ. "ಪಾಠ ಒಂಬತ್ತು: ಲವಣಗಳು", ಮತ್ತೆ ಮೂರು ಪುಟ ಖಾಲಿ. "ಯುದ್ಧ ಮುಗೀಲಿ, ಆಮೇಲೆ ತುಂಬಿಸ್ಕೊಂಡ್ರಾಯ್ತು" ಎಂದು ಗಡಿಯಾರಮ್ಮನ ಅಪ್ಪಣೆ. ನೀನು ಲೀಡರ್. ಹೆಸರಿನ ಕೆಳಗೆ ಕೆಂಪು ಗೆರೆ ಎಳೆದಿದ್ದಾರೋ ಇಲ್ಲವೋ ಎಂದು ಒಂದೊಂದೇ ಬುಕ್ಕು ತೆಗೆದು ನೋಡುತ್ತಿದ್ದೆ. ಗೆರೆ ಸೊಟ್ಟಗಿದ್ದರೆ ಬೈಯುತ್ತಿದ್ದೆ. ಖಾಲಿ ಪುಟ ನಿನ್ನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಇನ್ಸ್‌ಪೆಕ್ಟರು ಬಂದ ದಿನ ನೆನಪಿದೆಯೇ? ಕೋಟುಗಳನ್ನು ಪರದೆಯ ಹಿಂದೆ ಒಟ್ಟಿ ನಮ್ಮನ್ನು ಬೆನ್ನು ನೆಟ್ಟಗೆ ಕೂರಿಸಿದ್ದರು. ಪಾಪ, ಆ ಮುದುಕ ಕೇಳಿದ್ದು ಒಂದೇ ಪ್ರಶ್ನೆ: ನೀಲಿ ಲಿಟ್ಮಸ್ ಕಾಗದವನ್ನು ಆಮ್ಲದಲ್ಲಿ ಅದ್ದಿದರೆ ಏನಾಗುತ್ತದೆ? ನೀನು ಎದ್ದು ನಿಂತು, ಎದೆಯುಬ್ಬಿಸಿ, "ಒದ್ದೆಯಾಗುತ್ತೆ ಸರ್" ಎಂದೆ. ಅವರು ಹೆಡ್‌ಮಿಸ್ಟ್ರೆಸ್ ಮುಖ ನೋಡಿದರು. ಆಕೆ ಕಿಟಕಿ ನೋಡಿದರು. ಆಮೇಲೆ ಇಬ್ಬರೂ ಸೇರಿ ಬಿಸ್ಕತ್ತು ತಿನ್ನಲು ಹೋದರು. ವರದಿಯಲ್ಲಿ "ಉತ್ತಮ" ಎಂದು ಬಂತು. ನಿನ್ನ ಮಹಾತಾಯಿಗೆ ಆ ವರ್ಷ ಪದಕ ಬಂದದ್ದೂ ಅದೇ ವರದಿಯ ಮೇಲೆ.

ಬೀಳ್ಕೊಡುಗೆ ದಿನದ ಬಗ್ಗೆ ನೀನು ಎರಡು ಪುಟ ಬರೆದಿದ್ದೀಯ. "ಆ ನೆಲಮಾಳಿಗೆ ಒಂದು ಗರ್ಭಗುಡಿಯಂತಿತ್ತು" ಅಂತೆ. ಸೈರನ್ ಕೂಗಿತು, ಎಲ್ಲರೂ ಬಿದ್ದೂ ಎದ್ದೂ ಕೆಳಗೆ ಓಡಿದೆವು, ನಾನು ಮೆಟ್ಟಿಕೊಂಡು ಬಂದಿದ್ದ ಅಮ್ಮನ ಚಪ್ಪಲಿ ಮೆಟ್ಟಿಲ ಮೇಲೇ ಉಳಿಯಿತು. ಸೀಮೆಎಣ್ಣೆ, ಉಣ್ಣೆ, ಮೂವತ್ತು ಹುಡುಗಿಯರ ಬೆವರು, ಎಲ್ಲ ಸೇರಿ ಉಸಿರು ಕಟ್ಟುತ್ತಿತ್ತು. ಕೋಟಿನ ಗಂಟುಗಳ ಮೇಲೆ ಕೂತು ಸರ್ಟಿಫಿಕೇಟು ಈಸಿಕೊಂಡೆವು. ನೀನು ಟಾರ್ಚ್ ಹಿಡಿದು ವಂದನಾರ್ಪಣೆ ಓದಿದೆ. "ನಮಗೆ ಸಿಕ್ಕ ವಿದ್ಯೆಗೆ ನಾವು ಸದಾ ಋಣಿ" ಎಂಬ ಸಾಲನ್ನು ಎರಡೆರಡು ಸಲ ಓದಿದೆ. ನನ್ನ ಪಕ್ಕದಲ್ಲಿದ್ದವಳು ನನ್ನನ್ನು ಚಿವುಟಿದಳು, ಇಬ್ಬರೂ ಸೆರಗಿನಲ್ಲಿ ಮುಖ ಮುಚ್ಚಿ ಕಿಸಕ್ಕನೆ ನಕ್ಕೆವು. ನಾವು ಅಳುತ್ತಿದ್ದೇವೆ ಎಂದು ನೀನು ಇವತ್ತಿನವರೆಗೂ ನಂಬಿದ್ದೀಯ ಎಂದು ನಿನ್ನ ಕಾಗದದಿಂದ ತಿಳಿಯಿತು.

ಆ ವರ್ಷ ಬೋರ್ಡಿನ ಪರೀಕ್ಷೆ ರದ್ದಾಗಿ, ಆಯಾ ಶಾಲೆಯೇ ಅಂಕ ಕೊಡಲಿ ಎಂದು ಆದೇಶ ಬಂದಿತ್ತು. ಕಲಿಸದ ಕೆಮಿಸ್ಟ್ರಿಗೆ ಎಲ್ಲರಿಗೂ ಅಂಕ ಬಂತು. ನನಗೆ ಎಂಬತ್ತನಾಲ್ಕು. ನಿನಗೆ ಮೂವತ್ತಾರು. ಹತ್ತು ವರ್ಷದವಳಿದ್ದಾಗಿನಿಂದ ಡಾಕ್ಟರಾಗಬೇಕೆಂದು ಸಿಕ್ಕಸಿಕ್ಕವರ ಮೊಣಕಾಲಿಗೆ ಬ್ಯಾಂಡೇಜು ಸುತ್ತುತ್ತಿದ್ದವಳು ನೀನು. ಮೆಡಿಕಲ್ ಕಾಲೇಜಿನವರು ಅರ್ಜಿಯನ್ನೇ ಮುಟ್ಟಲಿಲ್ಲ. ಈಗ ಬರೆಯುತ್ತೀಯ: "ಕೆಮಿಸ್ಟ್ರಿಯಲ್ಲಿ ನನ್ನಂಥ ದಡ್ಡಿಗೂ ಆಫೀಸಿನಲ್ಲಿ ಕೆಲಸ ಕೊಟ್ಟು ಕೈ ಹಿಡಿದ ಪುಣ್ಯಾತ್ಮರು ಅವರು." ಮೈ ಉರಿಯುತ್ತದೆ ಕಣೇ. ಆ ಅಂಕ ಎಲ್ಲಿಂದ ಬಂತು, ಯಾವ ಉತ್ತರ ಪತ್ರಿಕೆಯಿಂದ ಬಂತು ಎಂದು ಒಂದು ದಿನವಾದರೂ ಕೇಳಿದೆಯಾ? ತಲೆಯಾಡಿಸಿ ಮೂಲೆಯ ಕುರ್ಚಿಯಲ್ಲಿ ಕೂತುಬಿಟ್ಟೆ. ಅಷ್ಟು ವಿಧೇಯತೆ ನನಗೆ ಯಾವತ್ತೂ ಅರ್ಥವಾಗಿಲ್ಲ.

ನನ್ನ ಎಂಬತ್ತನಾಲ್ಕರ ಕಥೆಯನ್ನೂ ಕೇಳು. ಆ ಅಂಕ ನೋಡಿ ಆಸ್ಪತ್ರೆಯ ಔಷಧ ವಿಭಾಗದ ತರಬೇತಿಗೆ ನನ್ನನ್ನು ಕೂಗಿ ಕರೆದರು. ಮೊದಲ ವಾರ ಆಸಿಡ್ ತೆಳು ಮಾಡಲು ಹೇಳಿದರು. ನೀರಿಗೆ ಆಸಿಡ್ಡನ್ನು ನಿಧಾನವಾಗಿ ಸುರಿಯಬೇಕು, ಆಸಿಡ್ಡಿಗೆ ನೀರು ಸುರಿಯಬಾರದು. ಅದು ಪಾಠ ಎಂಟರಲ್ಲಿ ಇರುತ್ತದೆ. ನನ್ನ ಬುಕ್ಕಿನಲ್ಲಿ ಅದರ ಹೆಸರಿತ್ತು, ಕೆಂಪು ಗೆರೆಯೂ ಇತ್ತು. ನಾನು ನೀರು ಸುರಿದೆ. ಅದು ಕುದಿದು ಸಿಡಿದು ಪಕ್ಕದಲ್ಲಿ ನಿಂತಿದ್ದ ಹುಡುಗಿಯ ಮುಖಕ್ಕೆ ಹಾರಿತು. ಅವಳ ಎಡಗಣ್ಣು ಹೋಯಿತು. ಎಂಬತ್ತನಾಲ್ಕು ತೆಗೆದವಳು ಅಂಥ ತಪ್ಪು ಮಾಡಲು ಸಾಧ್ಯವೇ ಇಲ್ಲ ಎಂದು ಮೇಲಿನವರು ತೀರ್ಮಾನಿಸಿ, ಬಾಟಲಿ ಸರಿಯಿರಲಿಲ್ಲ ಎಂದು ಬರೆದುಕೊಂಡರು. ನಾನು ತುಟಿ ಪಿಟಕ್ಕೆನ್ನಲಿಲ್ಲ. ಅದೇ ವಿಭಾಗದಲ್ಲಿ ಮೂವತ್ತಮೂರು ವರ್ಷ ಕೆಲಸ ಮಾಡಿ ಹಾರ ಹಾಕಿಸಿಕೊಂಡು ನಿವೃತ್ತಳಾದೆ. ಅವಳು ತರಬೇತಿ ಬಿಟ್ಟು ಎಲ್ಲಿಗೆ ಹೋದಳೋ ಗೊತ್ತಿಲ್ಲ. ಹುಡುಕಲೂ ಇಲ್ಲ.

ಆದ್ದರಿಂದ ಒಂದೂ ಪಾಠ ನಿಲ್ಲಲಿಲ್ಲ ಎಂಬ ಕಾಗದಕ್ಕೆ ನನ್ನ ಹೆಸರು ಬೀಳುವುದಿಲ್ಲ. ಫಾರಮ್ಮನ್ನು ಹಾಗೇ ವಾಪಸ್ಸು ಇಟ್ಟಿದ್ದೇನೆ. ಆ ಹೆಂಗಸು ಪಾಠ ಮಾಡಿಸಲಾಗಲಿಲ್ಲ ಎಂದು ಬಾಯಿಬಿಟ್ಟು ಹೇಳಿದ್ದರೆ ನಾವು ಒಂದು ವರ್ಷ ತಡವಾಗಿಯಾದರೂ ಕಲಿಯುತ್ತಿದ್ದೆವು. ಪದಕ ತಪ್ಪುತ್ತಿತ್ತು, ಅಷ್ಟೇ. ಗೋಡೆ ಖಾಲಿಯಿದ್ದರೆ ಸುಣ್ಣ ಹೊಡೆಸಿ.

ನಿನ್ನ ಆರೋಗ್ಯ ನೋಡಿಕೋ. ಮಂಡಿನೋವಿಗೆ ನೀನು ನುಂಗುತ್ತಿರುವ ಮಾತ್ರೆ ಊಟಕ್ಕೆ ಮುಂಚೆ ತೆಗೆದುಕೊಳ್ಳುವುದಲ್ಲ, ಊಟದ ಮೇಲೆ.

ಸಹಿ ಹಾಕದ ಹದಿನೇಳನೆಯವಳು,
ನಿನ್ನ ಉದ್ದಜಡೆ

ತಾ.ಕ.: ಲಕೋಟೆ ಅಂಟಿಸಿದ್ದೆ. ಮತ್ತೆ ಹರಿದೆ. ಎರಡು ದಿನ ಮೇಜಿನ ಮೇಲೆ ಬಿದ್ದಿತ್ತು.

ಬೀಳ್ಕೊಡುಗೆಯ ಹಿಂದಿನ ವಾರ ಗಡಿಯಾರಮ್ಮ ನನ್ನನ್ನು ಕೋಣೆಗೆ ಕರೆದಿದ್ದರು. ನನ್ನ ಅಕ್ಷರ ದುಂಡಗಿದೆ ಎಂದು ಸರ್ಟಿಫಿಕೇಟುಗಳನ್ನು ನನ್ನ ಕೈಲಿ ಬರೆಸಿದರು. ಕೆಮಿಸ್ಟ್ರಿ ಕಾಲಂ ಖಾಲಿಯಿತ್ತು. "ನೀನೇ ಏನಾದ್ರೂ ಹಾಕಮ್ಮ, ಎಲ್ರಿಗೂ ಒಂದೇ ಹಾಕ್ಬೇಡ, ಅನುಮಾನ ಬರುತ್ತೆ, ಒಂದಿಬ್ರು ಕೆಳಗಿರ್ಲಿ" ಎಂದು ಹೇಳಿ ಕೋಟು ಎಣಿಸಲು ಹೋದರು. ವಾಪಸ್ಸು ಬಂದು ಓದದೆ ಸಹಿ ಹಾಕಿದರು. ನನಗೆ ಎಂಬತ್ತನಾಲ್ಕು ಹಾಕಿಕೊಂಡವಳು ನಾನು. ನಿನಗೆ ಮೂವತ್ತಾರು ಹಾಕಿದವಳೂ ನಾನೇ. ಅವತ್ತು ಬೆಳಿಗ್ಗೆ ನೀನು ಸೊಟ್ಟಗಿದೆ ಎಂದು ಎಲ್ಲರೆದುರು ನನ್ನ ಹನ್ನೊಂದು ಕಾಜಾ ಬಿಚ್ಚಿಸಿದ್ದೆ. ಇದಕ್ಕಿಂತ ದೊಡ್ಡ ಕಾರಣವನ್ನು ನಲವತ್ತೊಂದು ವರ್ಷ ಹುಡುಕಿದ್ದೇನೆ, ಸಿಕ್ಕಿಲ್ಲ. ನಿನಗೆ ಕೆಲಸ ಕೊಟ್ಟ ದಿನವೂ ಆಕೆ, ತಾನೇ ಹಾಕಿಸಿದ್ದು ಎಂಬುದನ್ನೂ ಮರೆತು, ಆ ಅಂಕ ನಿಜವೆಂದೇ ನಂಬಿದ್ದಿರಬೇಕು.

ಇಷ್ಟಾದ ಮೇಲೂ ನಿನಗೆ ಆ ಫೋಟೋ ಬೇಕೆಂದರೆ ಇನ್ನೊಂದು ಫಾರಂ ಕಳಿಸು, ಹಾಕುತ್ತೇನೆ. ನಿನಗೆ ಇಲ್ಲ ಎನ್ನುವ ಹಕ್ಕು ನನಗಿಲ್ಲ. ಆದರೆ ಇನ್ನು ಮೇಲೆ ಯಾರ ಹತ್ತಿರವೂ ಕೆಮಿಸ್ಟ್ರಿಯಲ್ಲಿ ದಡ್ಡಿ ಎಂದು ಹೇಳಿಕೊಂಡು ತಿರುಗಬೇಡ. ನಿನ್ನನ್ನು ಯಾರೂ ಪರೀಕ್ಷೆ ಮಾಡಿಯೇ ಇರಲಿಲ್ಲ.