ಕರಿನ್‌ಗೆ ತೋರಿಸಿದ ಸೊಪ್ಪು

೧೪ ನವೆಂಬರ್ ೨೦೨೪, ಗುರುವಾರ. ಕ್ಯಾಸಂಬಳ್ಳಿ.

ಹೊಟ್ಟೆ ಉರೀತಾ ಇದೆ. ಯಾರಿಗೂ ಹೇಳೋ ಹಾಗಿಲ್ಲ, ಇಲ್ಲೇ ಬರೀತೀನಿ.

ಸರ್ಪಸುತ್ತಿಗೆ ಅತ್ತೆ ಹಚ್ಚೋ ಸೊಪ್ಪು ಯಾವುದು ಅಂತ ಹನ್ನೊಂದು ವರ್ಷದಿಂದ ಕೇಳ್ತಿದೀನಿ. "ಏಳಿದ್ರೆ ಕೈಗುಣ ಓಗ್ತದೆ ಕಣಮ್ಮ" ಅಂತ ಒಂದೇ ಉತ್ತರ. ಬಂಗಾರಪೇಟೆಯಿಂದೆಲ್ಲ ಜನ ಬರ್ತಾರೆ. ಕೆಮ್ಮಣ್ಣು ಕಲಸೋಳು ನಾನು, ಅರೆಯೋ ಕಲ್ಲು ತೊಳೆಯೋಳು ನಾನು. ಸೊಪ್ಪು ಮಾತ್ರ ಅವರ ಸೆರಗಿನೊಳಗೆ.

ಜರ್ಮನಿಯ ಕರಿನ್ ಬಂದು ನಾಲ್ಕೇ ದಿನ. ದೇಶ ದೇಶ ಸುತ್ತಿ ನಾಟಿ ಔಷಧಿ ಬರ್ಕೊಳ್ಳೋಳು. ಟರ್ಕಿಯಲ್ಲಿ ದೃಷ್ಟಿ ತೆಗೆಯೋಕೆ ತಲೆ ಮೇಲೆ ಬಟ್ಟೆ ಹಿಡಿದು, ಕರಗಿಸಿದ ಸೀಸ ನೀರಿಗೆ ಸುರೀತಾರಂತೆ, ಫೋಟೋ ತೋರಿಸಿದಳು. "ನಮ್ಮಂಗೇ ಅವ್ರೂನೂ!" ಅಂತ ಅತ್ತೆ ಮಗು ಥರ ನಕ್ಕರು. ನನ್ನ ಹರಕು ಇಂಗ್ಲಿಷಲ್ಲಿ ಅದನ್ನೂ ನಾನೇ ಅವಳಿಗೆ ಹೇಳಿದೆ.

ಇವತ್ತು ಹೊತ್ತು ಹುಟ್ಟೋ ಮುಂಚೆ ಅತ್ತೆ ಆ ಸೊಪ್ಪು ತೋರಿಸೋಕೆ ಅಂತ ಅವಳ ಕೈ ಹಿಡಿದು ಕೆರೆ ಕಟ್ಟೆಗೆ ಕರ್ಕೊಂಡು ಹೋದರು. ನಾನು ಹಾಲು ಕರೀತಾ ನೋಡಿದೆ.

ಸಂಜೆ ಕರಿನ್ ಪುಸ್ತಕದೊಳಗಿಂದ ಎಲೆ ತೆಗೆದು ತೋರಿಸಿದಳು. ತುಂಬೆ! ಕಲ್ಲಿನ ಮೇಲೆ ಉಳಿಯೋ ವಾಸನೆ ನನಗೆ ಗೊತ್ತಿಲ್ವಾ? ಅತ್ತೆ ಹಚ್ಚೋದು ತುಂಬೆ ಅಲ್ಲವೇ ಅಲ್ಲ. ಅತ್ತೆ ಕಡೆ ನೋಡಿದೆ. ಮುಖ ತಿರುಗಿಸಿ ಎಲೆ ಅಡಿಕೆ ಹಾಕ್ಕೊಂಡರು.

ಒಂದು ಗಳಿಗೆ ಖುಷಿಯಾಯ್ತು. ಆಮೇಲೆ ಮತ್ತೆ ಅದೇ ಉರಿ. ಸುಳ್ಳು ಹೇಳೋಕೆ ಅವಳನ್ನ ಅಷ್ಟು ಪ್ರೀತಿಯಿಂದ ಕೈ ಹಿಡಿದು ಕರ್ಕೊಂಡು ಹೋದರಲ್ಲ. ನನಗೊಂದು ಸುಳ್ಳು ಹೇಳೋಕಾದರೂ ಒಂದು ದಿನ ಆ ಕಟ್ಟೆ ತನಕ ಕರ್ಕೊಂಡು ಹೋಗಲಿಲ್ಲ.