ಮೇನ್ ಆಫ್ ಮಾಡಿದರೂ ಓಡುವ ಮೀಟರು

ಡಿಸೆಂಬರ್ 3, ಸೋಮವಾರ, ಬೆಳಗ್ಗೆ 7

ಗೀಸರ್ ಹತ್ತು ನಿಮಿಷ, ಆಫ್. ಹೆಂಡತಿ ಮಗಳ ಸ್ನಾನಕ್ಕೆ ಸಾಕು. ನಾನು ತಣ್ಣೀರಲ್ಲೇ ಮುಗಿಸಿದೆ — ಹಲ್ಲು ಕಟಕಟ. ಕಿಟಕಿ ಸಂದಿಗೆಲ್ಲ ಹಳೇ ಬಟ್ಟೆ ತುರುಕಿದ್ದಾಯಿತು. ಫ್ರಿಜ್ ಬಾಗಿಲಿನ ರಬ್ಬರ್ ಬದಲಾಯಿಸಿದ್ದಾಯಿತು. ಬಲ್ಬುಗಳೆಲ್ಲ ಎಲ್‌ಇಡಿ. ಇಪ್ಪತ್ತೆರಡು ವರ್ಷದಿಂದ ಊರವರ ಮನೆಗೆಲ್ಲ ವೈರಿಂಗ್ ಮಾಡುತ್ತಿರುವವನು ನಾನು. ಕರೆಂಟು ಎಲ್ಲಿ ಪೋಲಾಗುತ್ತದೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಇಷ್ಟೆಲ್ಲ ಮಾಡಿದರೆ ಇವಳು ಇಸ್ತ್ರಿ ಪೆಟ್ಟಿಗೆ ಹಚ್ಚಿ ಕೂತಿದ್ದಾಳೆ! ಇಸ್ತ್ರಿ ಭಾನುವಾರ ಮಾತ್ರ ಅಂತ ಎಷ್ಟು ಸಲ ಹೇಳಬೇಕು?

"ಒಂದೇ ಒಂದು ಶರ್ಟು ಕಣ್ರೀ. ಅದೂ ನಿಮ್ದೇ."

ಕಿತ್ತುಕೊಂಡು ಗೋಡೆಗೆ ಎಸೆದೆ. ಗಾರೆ ಉದುರಿತು. ಬಿಸಿ ಪೆಟ್ಟಿಗೆ ಅವಳ ಪಾದದ ಪಕ್ಕ ಬಿತ್ತು. ಪಕ್ಕ — ಮೇಲಲ್ಲ. ಅಷ್ಟಕ್ಕೇ ಅಳು.

ಡಿಸೆಂಬರ್ 6, ಗುರುವಾರ, ಸಂಜೆ

ಬಿಲ್ ಬಂತು. ಹೋದ ತಿಂಗಳಿಗಿಂತ ಹೆಚ್ಚು. ಸ್ವಲ್ಪ ಅಲ್ಲ, ಹೆಚ್ಚುಕಡಿಮೆ ಎರಡರಷ್ಟು. ಮೂರು ಸಲ ಓದಿದೆ. ಹಾಗಾದರೆ ನಾನು ಚಳಿಯಲ್ಲಿ ಸತ್ತದ್ದು ಯಾರ ಪುಣ್ಯಕ್ಕೆ?

ಬಚ್ಚಲಲ್ಲಿ ನೀರಿನ ಸದ್ದು. ಗೀಸರ್ ದೀಪ ಉರಿಯುತ್ತಿದೆ. ಕೂಗಿದೆ.

"ಅಪ್ಪಾ, ತಲೆಗೆ ಸೋಪ್ ಹಾಕಿದೀನಿ... ಎರಡೇ ನಿಮಿಷ..."

 ಸುತ್ತಿಗೆ ತಂದು ಬಾಗಿಲಿಗೆ ಬಡಿದೆ. ಮೂರನೇ ಏಟಿಗೆ ಹಲಗೆ ಸೀಳಿತು. ಹುಡುಗಿ ಟವೆಲ್ ಸುತ್ತಿಕೊಂಡು, ತಲೆ ತುಂಬ ನೊರೆ, ಗೋಡೆಗೆ ಅಂಟಿ ನಿಂತಿದ್ದಳು. ಹದಿನಾರು ವರ್ಷದ ಮಗಳು.  ಆಮೇಲೆ ಗೀಸರ್ ಸ್ವಿಚ್ಚನ್ನೂ ಪುಡಿ ಮಾಡಿದೆ.

"ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂದ್ರೆ ಇದೇ" ಅಂದಳು ಇವಳು. ಕೈ ಎತ್ತಿದೆ. ಇಳಿಸಿದೆ. ಇವತ್ತು ಇಳಿಸಿದೆ.

ಡಿಸೆಂಬರ್ 9, ಭಾನುವಾರ, ಮಧ್ಯಾಹ್ನ 12

ಸಿಕ್ಕಿತು!

ಮನೆಯ ಮೇನ್ ಸ್ವಿಚ್ ಆಫ್ ಮಾಡಿದೆ. ಫ್ರಿಜ್ ಸುಮ್ಮನಾಯಿತು, ಎಲ್ಲ ಸುಮ್ಮನಾಯಿತು. ಹೋಗಿ ಮೀಟರ್ ನೋಡಿದರೆ ಕೆಂಪು ದೀಪ ಮಿಣುಕುತ್ತಲೇ ಇದೆ. ಅದು ಮಿಣುಕಿದರೆ ಕರೆಂಟು ಹೋಗುತ್ತಿದೆ ಅಂತ ಅರ್ಥ. ನನ್ನ ಮನೆಯಲ್ಲಿ ಒಂದು ಬಲ್ಬೂ ಉರಿಯುತ್ತಿಲ್ಲ. ಅಂದರೆ ಮೀಟರಿಗೂ ಮೇನಿಗೂ ನಡುವೆ ಯಾರೋ ತಂತಿ ಎಳೆದಿದ್ದಾರೆ. ಬೋರ್ಡು ಬಿಚ್ಚಿದೆ. ಇದೆ. ಗೋಡೆಯ ಬಣ್ಣವನ್ನೇ ಬಳಿದುಕೊಂಡು ತೆಪ್ಪಗೆ ಮೇಲಕ್ಕೆ ಹೋಗಿದೆ ಒಂದು ತಂತಿ.

ಮೇಲಿನ ಮನೆ ತಮ್ಮನದು. ಪಾಲಾದಾಗ ಕೆಳಗಿನದು ನನಗೆ, ಮೇಲಿನದು ಅವನಿಗೆ, ಮೀಟರೂ ಬೇರೆ ಬೇರೆ. ಅವನ ಮಗುವಿಗೆ ಈಗ ಮೂರು ತಿಂಗಳು. ಚಳಿ ಶುರುವಾದಾಗಿನಿಂದ ಹೀಟರ್ ಹಚ್ಚಿಯೇ ಇರುತ್ತಾರೆ. ಯಾರ ಕರೆಂಟಿನಲ್ಲಿ ಅಂತ ಈಗ ಗೊತ್ತಾಯಿತು. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು.

ಅದೇ ದಿನ, ಸಂಜೆ 5

ಬೆರಳಿಗೆ ಬಟ್ಟೆ ಸುತ್ತಿದ್ದೇನೆ. ಆದರೂ ಬರೆಯುತ್ತೇನೆ.

ತಂತಿ ಕತ್ತರಿಸಿದೆ. ಕತ್ತರಿಸಿದ ತಕ್ಷಣ ಮೇಲಿನಿಂದ ತಮ್ಮನ ಹೆಂಡತಿಯ ಧ್ವನಿ — "ರೀ, ಹೀಟರ್ ಆಫ್ ಆಯ್ತು ನೋಡ್ರೀ." ಇದಕ್ಕಿಂತ ಸಾಕ್ಷಿ ಬೇಕೇ? ತಮ್ಮ ಕೆಳಗಿಳಿದು ಬಂದ. ಕೊರಳಿಗೆ ಅಳತೆ ಟೇಪು ಸುತ್ತಿಕೊಂಡೇ ಬಂದಿದ್ದ, ಟೈಲರ್ ಅಲ್ಲವೇ.

"ಕಳ್ಳ ನನ್ ಮಗನೇ" ಅಂದೆ.

"ಏನಣ್ಣ? ಏನಾಯ್ತು?"

"ನನ್ನ ಮೀಟರಿಂದ ಎಳ್ಕೊಂಡು ಮಗುವಿಗೆ ಬೆಚ್ಚಗೆ ಮಾಡ್ತೀಯೇನೋ?"

"ಅಣ್ಣ, ದೇವ್ರಾಣೆ ನಂಗೇನೂ ಗೊತ್ತಿಲ್ಲ. ಮಗು ಮಲಗೋ ರೂಮಲ್ಲಿ ಅಮ್ಮ ಇದ್ದಾಗಿನ ಹೀಟರ್ ಅದು. ಇದ್ದ ಹಾಗೇ ಹಾಕಿದೀವಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತ ಅನ್ನಿಸಿತು. ಸತ್ತ ಅಮ್ಮನನ್ನು ಅಡ್ಡ ತರುತ್ತಾನೆ! ಕೆನ್ನೆಗೆ ಬಾರಿಸಿದೆ. ಕಾಲರ್ ಹಿಡಿದು ಬೀದಿಗೆ ಎಳೆದೆ. ಬಾಯಿಗೆ ಗುದ್ದಿದೆ, ಹಲ್ಲು ತಾಗಿ ನನ್ನ ಬೆರಳೂ ಹರಿಯಿತು. ಅಂಗಡಿಯವನು, ಎದುರು ಮನೆಯವರು, ಎಲ್ಲರೂ ಹೊರಗೆ ಬಂದರು. ಬಂದಷ್ಟೂ ನನ್ನ ಧ್ವನಿ ಏರಿತು. "ಕಳ್ಳ! ಒಡಹುಟ್ಟಿದವನ ಮನೆಗೇ ಕನ್ನ ಹಾಕಿದ ಕಳ್ಳ!" ಅವನು ಗೇಟು ಹಿಡಿದುಕೊಂಡ, ಬೀಳದಿರಲು. ನನ್ನ ಕೈಯಲ್ಲಿ ಸುತ್ತಿಗೆ ಯಾವಾಗ ಬಂತೋ ಗೊತ್ತಿಲ್ಲ. ಗೇಟು ಹಿಡಿದ ಆ ಕೈಯ ಮೇಲೆ ಹೊಡೆದೆ.

ಒಣಗಿದ ಕಡ್ಡಿ ಮುರಿದ ಸದ್ದು. ಅವನು ಕೂತುಬಿಟ್ಟ. ಬಲಗೈ.

ಡಿಸೆಂಬರ್ 14, ಶುಕ್ರವಾರ

ಐದು ದಿನ ಪೆನ್ನು ಮುಟ್ಟಲಿಲ್ಲ.

ಮಣಿಕಟ್ಟು, ಎರಡು ಬೆರಳು ಮುರಿದಿವೆ. ಮೊಣಕೈವರೆಗೆ ಪ್ಲಾಸ್ಟರ್. ಇನ್ನು ಕತ್ತರಿ ಹಿಡಿಯುವುದು ಅನುಮಾನ ಅಂದರಂತೆ ಡಾಕ್ಟರು. ಪೊಲೀಸಿನವನು ಕೇಳಿದ್ದಕ್ಕೆ "ಮೆಟ್ಟಿಲಿಂದ ಬಿದ್ದೆ" ಅಂದನಂತೆ ತಮ್ಮ. ಅಷ್ಟು ಜನ ನೋಡಿದ್ದರೂ.

ಇವಳು ಊಟ ಬಡಿಸುತ್ತಾಳೆ, ಹೋಗುತ್ತಾಳೆ. ಇವತ್ತು ಮಾತ್ರ ಬಾಗಿಲಲ್ಲಿ ನಿಂತು ಕೇಳಿದಳು: "ಮುಂದಿನ ಬಿಲ್ ಬಂದಾಗ ಯಾರ ಕೈ? ನಂದಾ, ಮಗಳದಾ?"

ಮೇಲೆ ಮಗು ಕೆಮ್ಮುತ್ತಿದೆ. ಕಳ್ಳತನ ಮಾಡಿದವನು ಅನುಭವಿಸಲಿ. ಹಾಗಂತ ಬರೆಯುತ್ತಿದ್ದೇನೆ, ಆದರೆ ಕೆಮ್ಮು ಕೇಳಿಸುತ್ತಲೇ ಇದೆ.

ಡಿಸೆಂಬರ್ 17, ಸೋಮವಾರ, ಬೆಳಗ್ಗೆ 11

ತುಂಡು ತಂತಿ ಗೋಡೆಯಲ್ಲಿ ಬಿಡಬಾರದು ಅಂತ ಪೂರ್ತಿ ಎಳೆಯಲು ಹೋದೆ. ಮೆಟ್ಟಿಲ ಕೆಳಗಿನ ಜಾಯಿಂಟ್ ಬಾಕ್ಸ್ ಬಿಚ್ಚಿದೆ. ಟೇಪು ಸುಲಿದೆ.

ತಂತಿಯನ್ನು ಎಡಕ್ಕೆ ತಿರುಚಿ ಜೋಡಿಸಿದ್ದಾರೆ.

ಎಲ್ಲರೂ ಬಲಕ್ಕೆ ತಿರುಚುತ್ತಾರೆ. ಎಡಗೈಯವನು ನಾನು, ಎಡಕ್ಕೆ. ಟೇಪಿನ ಕೆಳಗೆ ಒಂದು ಸುತ್ತು ಬಟ್ಟೆ ಚೂರು ಕೂಡ ಇತ್ತು, ನನ್ನದೇ ಅಭ್ಯಾಸ. ಇದಕ್ಕಾಗಿ ಬೈದಿದ್ದ ನನ್ನ ಗುರು ಕೂಡ ಈಗಿಲ್ಲ. ಈ ಊರಲ್ಲಿ ಇಂಥ ಜಾಯಿಂಟು ಹಾಕುವವನು ಬೇರೆ ಯಾರೂ ಇಲ್ಲ.

ನೆನಪಾಯಿತು. ಹನ್ನೊಂದು ವರ್ಷದ ಹಿಂದೆ. ಪಾಲಾದ ವರ್ಷ ಅಮ್ಮ ಮೇಲಿನ ರೂಮಿನಲ್ಲಿ ಇರುತ್ತೇನೆ ಅಂದಳು. ಚಳಿ ತಡೆಯುತ್ತಿರಲಿಲ್ಲ. "ಅಮ್ಮನ್ನ ನೀನು ಇಟ್ಕೋ, ಹೀಟರ್ ಕರೆಂಟು ನಂದು" ಅಂತ ತಮ್ಮನಿಗೆ ಹೇಳಲು ಹೋಗಿ, ಅವನು ಬೇಡ ಅಂದಾನು ಅಂತ ಹೇಳದೇ ಎಳೆದೆ. ನಾನು ಕೆಲಸಕ್ಕೆ ಮೇನ್ ಆಫ್ ಮಾಡಿದಾಗಲೂ ಅವಳ ಹೀಟರ್ ಆರಬಾರದು ಅಂತ ಮೇನಿಗಿಂತ ಮೊದಲೇ ತೆಗೆದೆ. ಯಾವ ಎಲೆಕ್ಟ್ರಿಷಿಯನ್ನೂ ಮಾಡಬಾರದ ಕೆಲಸ. ಅಮ್ಮ ಹೋದ ಮೇಲೆ ರೂಮಿಗೆ ಬೀಗ, ಮಗು ಹುಟ್ಟುವವರೆಗೂ. ತಂತಿ ಮರೆತೇಹೋಯಿತು.

ನಾನೇ. ನಾನೇ ಹಾಕಿದ್ದು.

ಗೋಡೆಗೆ ಗುದ್ದಿದೆ, ರಕ್ತ ಬರುವವರೆಗೆ. ಅದರಿಂದ ಯಾರ ಬೆರಳು ಕೂಡುತ್ತದೆ? ಸಿಟ್ಟಲ್ಲಿ ಕೊಯ್ದ ಮೂಗು ಮತ್ತೆ ಬರುತ್ತದೆಯೇ? ತಂತಿಯನ್ನು ಮತ್ತೆ ಜೋಡಿಸಿದೆ. ಮಗುವಿಗೆ ಬೆಚ್ಚಗಾಗಲಿ. ನಾಳೆ ಹೇಳುತ್ತೇನೆ.

ಡಿಸೆಂಬರ್ 18, ಮಂಗಳವಾರ

ಹೇಳಲಿಲ್ಲ.

ನಾನು ಹೋಗುವ ಮೊದಲೇ ಅವನು ಬಂದ. ಮುಖ ಬಿಳಿಚಿತ್ತು. ಒಳಗೆ ಬರಲಿಲ್ಲ, ಹೊಸ್ತಿಲಾಚೆ ನಿಂತ. ತುಟಿಯ ಗಾಯ ಇನ್ನೂ ಮಾಗಿಲ್ಲ.

"ಅಣ್ಣ, ನಿನ್ನೆ ಹೀಟರ್ ತಾನಾಗೇ ಬಂತು. ನಾವು ಏನೂ ಮುಟ್ಟಿಲ್ಲ. ಬಂದಾಗಲೇ ಆಫ್ ಮಾಡಿದೀವಿ."

ನಾನು ಹೊಡೆಯಲು ಇನ್ನೊಂದು ನೆಪ ಹೂಡಿದ್ದೇನೆ ಅಂದುಕೊಂಡಿದ್ದಾರೆ! ಬಾಯಿ ತೆರೆದೆ. ಅಷ್ಟರಲ್ಲಿ ಅವನೇ ಅಂದ:

"ಮೊದಲು ಎಳ್ಕೊಂಡದ್ದು ನಾನೇ ಅಣ್ಣ. ಒಪ್ಕೋತೀನಿ. ತಪ್ಪಾಯ್ತು. ಇಲ್ಲಿಗೆ ಬಿಟ್ಬಿಡು. ನಿನ್ನ ಧ್ವನಿ ಕೇಳಿದ್ರೆ ಮಗು ಬೆಚ್ಚಿಬೀಳುತ್ತೆ."

ಮಾಡದ ತಪ್ಪನ್ನು ಒಪ್ಪಿಕೊಂಡ. ನನ್ನ ಭಯಕ್ಕೆ.

ನಾನು ಏನಂದೆ? ಬರೆಯಲು ನಾಚಿಕೆಯಾಗುತ್ತದೆ. "ಆಯ್ತು. ಇನ್ಮೇಲೆ ಹಂಗೆ ಮಾಡ್ಬೇಡ" ಅಂದೆ. ಕ್ಷಮಿಸಿದೆ, ಅವನನ್ನು! ಅವನು ತಲೆಯಾಡಿಸಿ ಹೋದ. ಥೂ ನನ್ನ ಜನ್ಮಕ್ಕೆ.

ಡಿಸೆಂಬರ್ 21, ಶುಕ್ರವಾರ, ಸಂಜೆ

"ತಮ್ಮ ಒಪ್ಕೊಂಡನಂತಲ್ಲ?" ಅಂದ ಅಂಗಡಿಯವನು, ಹಲ್ಲು ಕಿರಿದು. "ನಾನು ಹೊಲಿಯೋಕೆ ಕೊಟ್ಟಿದ್ದ ಬಟ್ಟೆ ವಾಪಸ್ ತಂದೆ. ಬಟ್ಟೆ ಕದ್ದು ಉಳಿಸ್ಕೊಳ್ಳೋ ಕೈ ಇರಬೇಕು ಅದು."

ಕಾಲರ್ ಹಿಡಿದು ತಕ್ಕಡಿ ಮೇಲೆ ಕೆಡವಿದೆ. ಬರಣಿಗಳು ಒಡೆದವು. ಗಂಟಲ ಮೇಲೆ ಹೆಬ್ಬೆರಳಿಟ್ಟಿದ್ದೆ. ಮೂರು ಜನ ಬಿಡಿಸಿದರು. ಯಾಕೆ ಹೊಡೆಯುತ್ತೀ ಅಂತ ಕೇಳಿದರು. "ಅವನು ಕಳ್ಳ ಅಲ್ಲ" ಅನ್ನುವ ಮೂರು ಪದ ನಾಲಿಗೆ ತುದಿಯಲ್ಲಿತ್ತು. ಹೊಡೆಯಲು ಬಂತು, ಹೇಳಲು ಬರಲಿಲ್ಲ.

ಮನೆಗೆ ಬಂದರೆ ಮಗಳು ಒಂದು ಮಾರು ದೂರ ನಿಂತು ಹೇಳಿದಳು: "ಚಿಕ್ಕಪ್ಪ ಭಾನುವಾರ ಮನೆ ಖಾಲಿ ಮಾಡ್ತಾರಂತೆ. ಎಲ್ಲಿಗೆ ಅಂತ ನಮಗೆ ಹೇಳಲ್ಲಂತೆ."

ಡಿಸೆಂಬರ್ 23, ಭಾನುವಾರ, ಬೆಳಗ್ಗೆ 8

ಹೊರಗೆ ಗಾಡಿ ನಿಂತಿದೆ. ಹೊಲಿಗೆ ಯಂತ್ರ ಏರಿಸಿಯಾಯಿತು.

ಇವಳಿಗೆ ಹೇಳಿದೆ, ಎಲ್ಲ. ಕೇಳಿ ಕೂತುಬಿಟ್ಟಳು. ಆಮೇಲೆ ಅಂದಳು: "ನಂಗೆ ಹೇಳಿದ್ರೆ ಏನು ಬಂತು? ಬೀದೀಲಿ ಕೂಗಿದ್ರಲ್ಲ, ಬೀದೀಲೇ ಕೂಗಿ."

ಹೌದು. ಕೂಗುತ್ತೇನೆ. ಮೊದಲು ಅವನಿಗೆ, ಆಮೇಲೆ ಬೀದಿಗೆ.

8.40

ಮೆಟ್ಟಿಲು ಹತ್ತಿದೆ. ತಮ್ಮ ಹಾಸಿಗೆ ಸುತ್ತು ಹೊತ್ತು ಇಳಿಯುತ್ತಿದ್ದ. ನನ್ನನ್ನು ಕಂಡ ಕೂಡಲೇ ಹಾಸಿಗೆ ಬಿಟ್ಟ. ಪ್ಲಾಸ್ಟರ್ ಕೈ ಎತ್ತಿ ಮುಖಕ್ಕೆ ಅಡ್ಡ ಹಿಡಿದ. ಹೊಡೆತಕ್ಕೆ ತಯಾರಾದ ಹಾಗೆ, ಕಣ್ಣು ಮುಚ್ಚಿ.

ನನ್ನ ಕೈಯಲ್ಲಿ ಏನೂ ಇರಲಿಲ್ಲ. ಎರಡೂ ಕೈ ಬಿಡಿಸಿ ತೋರಿಸಿದೆ. ಅವನು ಕಣ್ಣು ತೆರೆಯಲೇ ಇಲ್ಲ. "ಕದ್ದದ್ದು ನೀನಲ್ಲ ಕಣೋ, ಆ ತಂತಿ ನಾನು..." ಅಂತ ಶುರು ಮಾಡಿದೆ, ಒಳಗೆ ಮಗು ನನ್ನ ಧ್ವನಿ ಕೇಳಿ ಚೀರಿ ಅಳಲು ಶುರು ಮಾಡಿತು, ಉಳಿದ ಮಾತು ಅವನಿಗೆ ಕೇಳಿಸಲೇ ಇಲ್ಲ.